ಬಾಕಿ ನಿಮಿಷಗಳ ಲೆಕ್ಕ

1996ರ ಬೇಸಿಗೆ ರಜೆ. ತಿಪಟೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಒಂದು ವಿಡಿಯೋ ಲೈಬ್ರರಿ ಇತ್ತು. ಸಿನಿಮಾ ಕ್ಯಾಸೆಟ್ಟು ಬಾಡಿಗೆಗೆ ಕೊಡುವುದು, ಮದುವೆಗೆ ವಿಡಿಯೋ ತೆಗೆಯುವುದು ಅವರ ಕಸುಬು. ಊರಿಗೆ ಕೇಬಲ್ ಬಂದಮೇಲೆ ಕ್ಯಾಸೆಟ್ಟು ಕೇಳುವವರು ಕಡಿಮೆಯಾದರು. ಅಂಗಡಿಯವರು ಹಿಂದಿನ ಕೋಣೆಯಲ್ಲಿ ಪೇರಿಸಿದ್ದ ಕೊಬ್ಬರಿ ಚೀಲಗಳನ್ನು ಖಾಲಿ ಮಾಡಿಸಿ, ಎರಡು ಹಳೇ ಟಿವಿ ಇಟ್ಟು, ಬಾಗಿಲಿಗೊಂದು ಹೂವಿನ ಪರದೆ ಕಟ್ಟಿ, ರಟ್ಟಿನ ಮೇಲೆ ‘ವಿಡಿಯೋ ಗೇಮ್ – ಅರ್ಧ ಗಂಟೆಗೆ 3 ರೂ.’ ಎಂದು ಬರೆದು ನೇತುಹಾಕಿದರು. ಚೀಲ ಹೋದರೂ ವಾಸನೆ ಹೋಗಿರಲಿಲ್ಲ. ಇವತ್ತಿಗೂ ಕೊಬ್ಬರಿ ಮಂಡಿಯ ಮುಂದೆ ಹಾದರೆ ನನ್ನ ಹೆಬ್ಬೆರಳು ತಾನಾಗಿ ಮಿಸುಕುತ್ತದೆ.

ಅಲ್ಲಿಯವರೆಗೆ ಟಿವಿ ಹೇಳುತ್ತಿತ್ತು, ನಾವು ಕೇಳುತ್ತಿದ್ದೆವು. ವಾರ್ತೆಯಾಗಲಿ, ಚಿತ್ರಮಂಜರಿಯಾಗಲಿ, ಅದಕ್ಕೆ ಇಷ್ಟ ಬಂದದ್ದು ಬರುತ್ತಿತ್ತು. ಆವತ್ತು ಪಕ್ಕದ ಮನೆಯ ಹುಡುಗ ತನ್ನ ಲೈಫು ಮುಗಿದ ಮೇಲೆ ರಿಮೋಟನ್ನು ನನ್ನ ಕೈಗಿಟ್ಟ. ಗುಂಡಿ ಒತ್ತಿದೆ, ಟಿವಿಯೊಳಗಿನ ಕೆಂಪು ಟೋಪಿಯವನು ಹಾರಿದ. ಇನ್ನೊಂದು ಸಲ ಒತ್ತಿದೆ, ಇನ್ನೊಂದು ಸಲ ಹಾರಿದ. ಮುಂದೆ ಹೋಗಬೇಕು, ಆಮೆ ತುಳಿಯಬೇಕು ಎಂದೆಲ್ಲ ಸುತ್ತ ಕೂತವರು ಕೂಗುತ್ತಿದ್ದರು. ನನಗೆ ಅದ್ಯಾವುದೂ ಬೇಕಿರಲಿಲ್ಲ. ನಿಂತಲ್ಲೇ ಹತ್ತು ಹದಿನೈದು ಸಲ ಹಾರಿಸಿದೆ. ಟಿವಿ ನನ್ನ ಮಾತು ಕೇಳುತ್ತಿದೆ ಎನ್ನುವುದೇ ಸಾಕಾಗಿತ್ತು. ಅಷ್ಟರಲ್ಲಿ ಯಾರೋ ರಿಮೋಟು ಕಿತ್ತುಕೊಂಡರು.

ನಾವು ಅದನ್ನು ರಿಮೋಟು ಎಂದೇ ಕರೆಯುತ್ತಿದ್ದೆವು. ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ ನಮಗೆ ಕ್ಯಾಸೆಟ್ಟು. ಓಡದಿದ್ದರೆ ಅದರ ಬಾಯಿಗೆ ಊದಬೇಕು. ಊದಿದರೆ ಏನಾಗುತ್ತದೆಂದು ಯಾರಿಗೂ ತಿಳಿಯದು, ಆದರೆ ಊದದೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಯಂತ್ರದ ಮೇಲೆ ಯಾವುದೋ ಹೆಸರಿತ್ತು, ನಿಂಟೆಂಡೋ ಎಂದಂತೂ ಇರಲಿಲ್ಲ. 1983ರ ಜುಲೈನಲ್ಲಿ ಜಪಾನಿನಲ್ಲಿ ನಿಂಟೆಂಡೋ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು ಅದು ಎಂದು ನನಗೆ ತಿಳಿದದ್ದು ಇಪ್ಪತ್ತು ವರ್ಷಗಳ ನಂತರ. ಅಸಲಿ ಯಂತ್ರದ ಚಿಪ್ಪುಗಳ ಕೆಲಸವನ್ನು ತೈವಾನ್ ಮತ್ತು ಚೀನಾದ ಕಾರ್ಖಾನೆಗಳು ನಾವು ಆಡುವ ಹೊತ್ತಿಗಾಗಲೇ ಒಂದೇ ಚಿಪ್ಪಿಗೆ ಇಳಿಸಿ ಅಗ್ಗ ಮಾಡಿಬಿಟ್ಟಿದ್ದವು. ರಷ್ಯದ ಮಕ್ಕಳಿಗೆ ಅದೇ ನಕಲು ‘ಡೆಂಡಿ’ ಎಂಬ ಹೆಸರಲ್ಲಿ ಸಿಕ್ಕಿತಂತೆ. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದು ಬರೆದಿರುತ್ತಿತ್ತು. ಒಂದು ಕೋಟಿಗೆ ಒಂದು ಕಮ್ಮಿ ಆಟ! ಪಟ್ಟಿ ಸರಿಸುತ್ತ ಹೋದರೆ ಅವೇ ಏಳೆಂಟು ಆಟಗಳು, ಬೇರೆ ಬೇರೆ ಸ್ಟೇಜಿನಿಂದ ಶುರುವಾಗುವಂತೆ ಮಾಡಿ ಬೇರೆ ಬೇರೆ ಹೆಸರಿಟ್ಟವು. ಜಾಹೀರಾತನ್ನು ನಂಬಬಾರದೆಂದು ನನಗೆ ಕಲಿಸಿದ ಮೊದಲ ಗುರು ಆ ಕ್ಯಾಸೆಟ್ಟು.

ಆದರೆ ಆ ಕೋಣೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ವಸ್ತು ಬೇರೆ: ಅಂಗಡಿಯವರ ನೋಟ್‌ಬುಕ್ಕು. ಅದು ಲೋಡ್‌ಶೆಡ್ಡಿಂಗ್ ಕಾಲ. ಅರ್ಧ ಗಂಟೆಗೆ ದುಡ್ಡು ಕೊಟ್ಟು ಕೂತವನಿಗೆ ಹದಿನೈದನೇ ನಿಮಿಷಕ್ಕೆ ಕರೆಂಟು ಹೋಗುತ್ತಿತ್ತು. ಆಟವನ್ನು ಉಳಿಸಿಡುವ ಏರ್ಪಾಡು ಆ ಯಂತ್ರದಲ್ಲಿರಲಿಲ್ಲ, ಏರಿದ ಸ್ಟೇಜೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದರೆ ಕೊಟ್ಟ ದುಡ್ಡಿನ ಹೊತ್ತು ಹಾಳಾಗುತ್ತಿರಲಿಲ್ಲ. ಅಂಗಡಿಯವರು ಗೋಡೆ ಗಡಿಯಾರ ನೋಡಿ, ನಮ್ಮ ಹೆಸರಿನ ಮುಂದೆ ‘15 ನಿ. ಬಾಕಿ’ ಎಂದು ಬರೆದುಕೊಳ್ಳುತ್ತಿದ್ದರು. ಮಾರನೆಯ ದಿನ ಹೋಗಿ ಕೇಳಿದರೆ ಚಕಾರವೆತ್ತದೆ ಕೊಡುತ್ತಿದ್ದರು. ನನ್ನ ಹೊತ್ತಿಗೆ ಒಂದು ಲೆಕ್ಕವಿದೆ, ಅದು ನನ್ನದು, ಬೇರೆಯವರು ಅದನ್ನು ನನಗೆ ಬಾಕಿ ಇರಬಹುದು ಎನ್ನುವ ವಿಚಾರ ಹತ್ತು ವರ್ಷದ ಹುಡುಗನಿಗೆ ಹೊಸದು.

ಈಗ ಮಕ್ಕಳು ಮೊಬೈಲ್ ಹಿಡಿದು ಕೂತರೆ ನಾವು ಕೇಳುವ ಪ್ರಶ್ನೆ ಒಂದೇ, ಎಷ್ಟು ಹೊತ್ತು? ಶಾಲೆಯ ಪೋಷಕರ ಸಭೆಯಲ್ಲೂ ಇದೇ ಮಾತು, ಪತ್ರಿಕೆಯ ಸಲಹಾ ಅಂಕಣದಲ್ಲೂ ಇದೇ. ಒಂದು ಗಂಟೆ ಸರಿ, ಎರಡು ಗಂಟೆ ಜಾಸ್ತಿ ಎಂಬ ತಕರಾರು. ಈ ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದೊಂದಿದೆ: ಆ ಹೊತ್ತು ಯಾರ ಖಾತೆಗೆ ಜಮಾ ಆಗುತ್ತಿದೆ? ಆಟದಲ್ಲಿ ದುಡ್ಡು ಎಲ್ಲಿ ಕೂತಿದೆ ಎಂದು ನೋಡಿದರೆ, ಆ ಆಟ ಯಾಕೆ ಹಾಗಿದೆ ಎನ್ನುವುದರ ಮುಕ್ಕಾಲು ಪಾಲು ತಿಳಿಯುತ್ತದೆ. ಹಾಗಿದ್ದ ಆಟ ಆಡುವವನನ್ನು ಏನು ಮಾಡುತ್ತದೆ ಎಂಬುದೂ ಅಲ್ಲಿಂದಲೇ ಶುರು.

ಆ ಕೆಂಪು ಟೋಪಿಯವನ ಮಾರಿಯೋ ಆಟವನ್ನೇ ತೆಗೆದುಕೊಳ್ಳಿ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ 1985ರ ಸೆಪ್ಟೆಂಬರ್‌ನಲ್ಲಿ ಬಂತು. ಇಡೀ ಆಟದ ಗಾತ್ರ 40 ಕಿಲೋಬೈಟು. ಬೆಳಗಾದರೆ ವಾಟ್ಸ್‌ಆ್ಯಪ್‌ಗೆ ಬಂದು ಬೀಳುವ ಶುಭೋದಯದ ಗುಲಾಬಿ ಹೂವು ಇದಕ್ಕಿಂತ ದೊಡ್ಡದು. ಜಾಗ ಎಷ್ಟು ಕಡಿಮೆಯೆಂದರೆ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಂಥ ಇಕ್ಕಟ್ಟಿನಲ್ಲಿ ಅವರು ಮೊದಲ ಸ್ಟೇಜನ್ನು ಒಂದು ಪಾಠಶಾಲೆ ಮಾಡಿದರು. ಮಾರಿಯೋ ತೆರೆಯ ಎಡಕ್ಕೆ ನಿಂತಿರುತ್ತಾನೆ, ಬಲಕ್ಕೆ ಖಾಲಿ ಜಾಗ. ಎತ್ತ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ಸ್ವಲ್ಪ ಮುಂದೆ ಹುಬ್ಬು ಗಂಟಿಕ್ಕಿದ ಒಂದು ಪ್ರಾಣಿ ಎದುರು ಬರುತ್ತದೆ. ತಾಗಿದರೆ ಸತ್ತೆ, ಹಾರಿದರೆ ಉಳಿದೆ. ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಲೆ ಗುದ್ದಿದರೆ ಅಣಬೆಯೊಂದು ಹೊರಬಿದ್ದು ಬಲಕ್ಕೆ ಉರುಳಿಹೋಗಿ, ಕೊಳವೆಗೆ ಬಡಿದು ನಮ್ಮ ಕಡೆಗೇ ತಿರುಗಿ ಬರುತ್ತದೆ. ಹೆದರಿ ಹಾರಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುತ್ತೇವೆ. ಬಿದ್ದಾಗ ಸಾಯುವುದಿಲ್ಲ, ದೊಡ್ಡವರಾಗುತ್ತೇವೆ. ಒಂದಕ್ಷರ ಇಂಗ್ಲಿಷೂ ಬೇಡ, ಜಪಾನಿಯೂ ಬೇಡ. ಎಬಿಸಿಡಿ ಆಗಷ್ಟೇ ಕಲಿಯುತ್ತಿದ್ದ ತಿಪಟೂರಿನ ಹುಡುಗರು ಟೋಕಿಯೋದ ಹುಡುಗರಷ್ಟೇ ಬೇಗ ಅದನ್ನು ಕಲಿತರು. ನಾಲ್ಕನೇ ಸ್ಟೇಜಿನ ಕೋಟೆಯ ಕೊನೆಯಲ್ಲಿ ಅಣಬೆ ತಲೆಯವನೊಬ್ಬ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ನಾವು ಅವನನ್ನು ಅರ್ಚಕ ಎಂದುಕೊಂಡಿದ್ದೆವು, ಮಂಗಳಾರತಿ ಆಯಿತು ಎನ್ನುತ್ತಿದ್ದಾನೆಂದು. ರಾಜಕುಮಾರಿ ಇಲ್ಲಿಲ್ಲ, ಇನ್ನೊಂದು ಕೋಟೆಯಲ್ಲಿದ್ದಾಳೆ ಎಂದು ಅವನು ಹೇಳುತ್ತಿದ್ದನಂತೆ. ನಮ್ಮ ಮಾರಿಯೋಗೆ ರಾಜಕುಮಾರಿಯ ಸುದ್ದಿಯೇ ಇರಲಿಲ್ಲ, ಅವನು ಸುಮ್ಮನೆ ಓಡುತ್ತಿದ್ದ.

ಇಷ್ಟು ಕಾಳಜಿಯಿಂದ ಕಲಿಸುವ ದರ್ದು ಅವರಿಗೆ ಯಾಕಿತ್ತು? ಕ್ಯಾಸೆಟ್ಟನ್ನು ಒಂದೇ ಸಲ ಮಾರುತ್ತಿದ್ದರು. ಕೊಂಡವನು ಮನೆಯಲ್ಲಿ ಹತ್ತು ನಿಮಿಷ ಆಡಲಿ, ಹತ್ತು ವರ್ಷ ಆಡಲಿ, ನಿಂಟೆಂಡೋಗೆ ಬರುವ ದುಡ್ಡು ಅಷ್ಟೇ. ಅವರಿಗೆ ಬೇಕಾಗಿದ್ದದ್ದು, ಆಡಿದವನು ಚೆನ್ನಾಗಿದೆ ಎಂದು ಇನ್ನೊಬ್ಬರಿಗೆ ಹೇಳುವುದು, ಮುಂದಿನ ಕ್ಯಾಸೆಟ್ಟನ್ನೂ ಕೊಳ್ಳುವುದು. ಹಾಗಾಗಿ ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಸ್ಟೇಜು, ಒಟ್ಟು ಮೂವತ್ತೆರಡು. ಮುಗಿಸಿದರೆ ಮುಗಿಯಿತು. ಆಟಕ್ಕೆ ನಮ್ಮನ್ನು ಹಿಡಿದಿಟ್ಟುಕೊಳ್ಳುವುದರಿಂದ ಲಾಭವಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಹಳೆಯ ಕಾಲವೇ ಚೆನ್ನ ಎನ್ನುವ ಹಾಡಾಗುತ್ತದೆ. ಅದು ನಿಜವಲ್ಲ. ಮಾರಿಯೋಗಿಂತ ನಮಗೆ ಪ್ರಾಣವಾಗಿದ್ದ ಆಟ ‘ಕಾಂಟ್ರಾ’. ಅದು ಹುಟ್ಟಿದ್ದು 1987ರಲ್ಲಿ, ಮನೆಯ ಟಿವಿಗಾಗಿ ಅಲ್ಲ, ಆರ್ಕೇಡಿಗೆ, ಎಂದರೆ ನಾಣ್ಯ ಹಾಕಿ ಆಡುವ ನಿಲುವು ಪೆಟ್ಟಿಗೆಗೆ. ಅಂಥ ಯಂತ್ರದ ಲೆಕ್ಕ ಸೀದಾ: ಆಡುವವನು ಬೇಗ ಸತ್ತಷ್ಟೂ ಬೇಗ ಇನ್ನೊಂದು ನಾಣ್ಯ. ಕಾಂಟ್ರಾದಲ್ಲಿ ಒಂದು ಗುಂಡು ತಾಗಿದರೆ ಒಂದು ಲೈಫು ಹೋಯಿತು, ಇರುವುದು ಮೂರು. ಆ ಕಾಠಿಣ್ಯವನ್ನು ಶೌರ್ಯವೆಂದು ಮೆಚ್ಚುವ ನನ್ನ ವಯಸ್ಸಿನವರು ಬಹಳ ಮಂದಿ ಇದ್ದಾರೆ, ಈಗಿನ ಆಟಗಳು ಸಲೀಸು ಎಂದು ಮೂಗು ಮುರಿಯುವವರು. ಅದರ ಬೇರು ಶೌರ್ಯದಲ್ಲಿಲ್ಲ, ನಾಣ್ಯ ಬೀಳುವ ಸೀಳಿನಲ್ಲಿದೆ.

ಈ ಆಟದ ಒಂದು ಕಥೆ ಮಾತ್ರ ನನಗೆ ಬಹಳ ಇಷ್ಟ. ಕೊನಾಮಿ ಕಂಪನಿಯ ಕಝುಹಿಸಾ ಹಷಿಮೊಟೊ ಎನ್ನುವವರು ‘ಗ್ರೇಡಿಯಸ್’ ಎಂಬ ಆರ್ಕೇಡ್ ಆಟವನ್ನು ಫ್ಯಾಮಿಕಾಮ್‌ಗೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಲು ಆಡಬೇಕು, ಆಡಿದರೆ ಅವರೇ ಸಾಯುತ್ತಿದ್ದರು, ಅಷ್ಟು ಕಷ್ಟ. ಅದಕ್ಕೆ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಎಲ್ಲ ಆಯುಧವೂ ಸಿಗುವಂತೆ ಒಂದು ಕಳ್ಳದಾರಿ ಮಾಡಿಕೊಂಡರು. ಆ ದಾರಿ ಮುಚ್ಚದೆ 1986ರಲ್ಲಿ ಆಟ ಮಾರುಕಟ್ಟೆಗೆ ಬಂದುಬಿಟ್ಟಿತು. ಕೊನಾಮಿ ಅದೇ ಕ್ರಮವನ್ನು ಮುಂದೆ ಕಾಂಟ್ರಾದಲ್ಲೂ ಇಟ್ಟಿತು, ಅಲ್ಲಿ ಒತ್ತಿದರೆ ಮೂವತ್ತು ಲೈಫು. ಅದು ನಮ್ಮೂರಿಗೆ ಹೇಗೆ ಬಂತೋ, ಹೈಸ್ಕೂಲಿನ ಒಬ್ಬ ಹುಡುಗ ತಂದ. ‘ಮೇಲ್ ಮೇಲ್, ಕೆಳ್ ಕೆಳ್, ಎಡ ಬಲ, ಎಡ ಬಲ, ಬಿ ಎ’ ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ. ಅದನ್ನು ಕಲಿಯಲು ನಾನು ಕೊಟ್ಟ ದಕ್ಷಿಣೆ ಒಂದು ಕಂಬರಕಟ್ಟು. ಸಮುದ್ರದಾಚೆ ಒಬ್ಬ ಮನುಷ್ಯ ತನ್ನ ಅನುಕೂಲಕ್ಕೆ ತೆರೆದ ಬಾಗಿಲು, ಬಾಯಿಂದ ಬಾಯಿಗೆ ದಾಟುತ್ತ, ಕಂಬರಕಟ್ಟಿನ ಬೆಲೆಗೆ ಇಲ್ಲಿಯವರೆಗೂ ಬಂತು.

ಈಗ ಅದೇ ಬಾಗಿಲನ್ನು ನೋಡಿ. 2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್’ ಫುಕ್ಕಟೆ ಆಟ. ಐದು ಲೈಫು ಕೊಡುತ್ತದೆ. ಸೋತಾಗ ಒಂದು ಹೋಗುತ್ತದೆ, ಹೋದದ್ದು ಮತ್ತೆ ತುಂಬಲು ಅರ್ಧ ಗಂಟೆ. ಐದೂ ಮುಗಿದರೆ ಕಾಯಬೇಕು, ಇಲ್ಲವೇ ಸ್ನೇಹಿತರನ್ನು ಬೇಡಬೇಕು, ಇಲ್ಲವೇ ದುಡ್ಡು ಕೊಟ್ಟು ಕೊಳ್ಳಬೇಕು. ಅರ್ಧ ಗಂಟೆ ಎನ್ನುವ ಅಳತೆ ನೋಡಿದಾಗೆಲ್ಲ ನನಗೆ ಆ ರಟ್ಟಿನ ಬೋರ್ಡು ನೆನಪಾಗುತ್ತದೆ. ಅಲ್ಲಿ 3 ರೂಪಾಯಿಗೆ ಅರ್ಧ ಗಂಟೆ ಸಿಗುತ್ತಿತ್ತು, ಅದರೊಳಗೆ ಎಷ್ಟು ಸಲ ಬೇಕಾದರೂ ಸತ್ತು ಹುಟ್ಟಬಹುದಿತ್ತು. ಇಲ್ಲಿ ಅರ್ಧ ಗಂಟೆಯನ್ನು ತಡೆಹಿಡಿದು ಲೈಫು ಮಾರುತ್ತಾರೆ. ಇನ್ನು ಆಟದ ಹಂತಗಳು ಸಾವಿರಾರು, ಹೊಸವು ಸೇರುತ್ತಲೇ ಇರುತ್ತವೆ. ಮುಗಿಸಿದೆ ಎಂದು ಫೋನು ಕೆಳಗಿಡುವ ಘಳಿಗೆಯೇ ಇಲ್ಲ, ಯಾಕೆಂದರೆ ಆ ಘಳಿಗೆ ಕಂಪನಿಗೆ ನಷ್ಟ.

ಆರ್ಕೇಡ್ ಪೆಟ್ಟಿಗೆಯೂ ದುಡ್ಡು ನುಂಗುತ್ತಿತ್ತಲ್ಲ, ಹಾಗಾದರೆ ಹೊಸದೇನು ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ನಮ್ಮ ಅಂಗಡಿಯ ಬಂದೂಕಿನಲ್ಲಿದೆ. ‘ಡಕ್ ಹಂಟ್’ ಎಂಬ ಬಾತುಕೋಳಿ ಹೊಡೆಯುವ ಆಟಕ್ಕೆ ಪ್ಲಾಸ್ಟಿಕ್ ಪಿಸ್ತೂಲೊಂದು ಇತ್ತು. ಅದರಿಂದ ಯಾವುದೋ ಕಿರಣ ಹೊರಟು ಟಿವಿಗೆ ತಗುಲುತ್ತದೆ ಎಂದು ನಾವು ನಂಬಿದ್ದೆವು. ನಡೆಯುತ್ತಿದ್ದದ್ದು ತಿರುವುಮುರುವು. ಕುದುರೆ ಎಳೆದ ಕ್ಷಣ ಇಡೀ ತೆರೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚುತ್ತಿತ್ತು. ಪಿಸ್ತೂಲಿನ ನಳಿಗೆಯೊಳಗಿನ ಬೆಳಕಿನ ಸಂವೇದಕಕ್ಕೆ ಆ ಬಿಳಿ ಕಂಡರೆ ಹಕ್ಕಿ ಬಿತ್ತು. ಪಿಸ್ತೂಲು ಗುಂಡು ಹಾರಿಸುತ್ತಿರಲಿಲ್ಲ, ನೋಡುತ್ತಿತ್ತು. ಅಂದರೆ ನೋಡುವ ಕಣ್ಣು ನಮ್ಮ ಕೈಯಲ್ಲಿತ್ತು, ತೆರೆ ಕುರುಡಾಗಿತ್ತು. ಆರ್ಕೇಡ್ ಪೆಟ್ಟಿಗೆಯೂ ಅಷ್ಟೇ ಕುರುಡು. ಮುಂದೆ ನಿಂತವನು ಯಾರು, ನಿನ್ನೆ ಬಂದಿದ್ದನೇ, ಎಷ್ಟನೇ ಸೋಲಿಗೆ ಜೇಬಿಗೆ ಕೈ ಹಾಕುತ್ತಾನೆ ಎಂಬುದು ಅದಕ್ಕೆ ತಿಳಿಯದು. ಎಲ್ಲರಿಗೂ ಒಂದೇ ಕಷ್ಟ, ಒಂದೇ ಬೆಲೆ.

ಇಂದಿನ ಮೊಬೈಲ್ ಆಟಕ್ಕೆ ಕಣ್ಣು ಬಂದಿದೆ. ಯಾವ ಹಂತದಲ್ಲಿ ಜನ ಬಿಟ್ಟುಹೋಗುತ್ತಾರೆ, ಯಾವ ಹೊತ್ತಿನಲ್ಲಿ ಮರಳುತ್ತಾರೆ, ಯಾರು ಕೊಳ್ಳುತ್ತಾರೆ ಎಂಬುದನ್ನು ಸರ್ವರ್ ಬರೆದುಕೊಳ್ಳುತ್ತದೆ. ಅದನ್ನು ನೋಡಿ ಆಟವನ್ನೇ ತಿದ್ದಬಹುದು. ಒಂದೇ ಆಟದ ಎರಡು ರೂಪಗಳನ್ನು ಎರಡು ಗುಂಪಿಗೆ ಕೊಟ್ಟು, ಯಾವುದು ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂದು ಅಳೆಯುವುದು ಈ ಉದ್ಯಮದ ದಿನನಿತ್ಯದ ಕೆಲಸ. ನಮ್ಮ ಅಂಗಡಿಯವರ ನೋಟ್‌ಬುಕ್ಕಿನಂಥದೇ ಒಂದು ನೋಟ್‌ಬುಕ್ಕು ಇದು, ತಲೆಕೆಳಗಾಗಿ ಹಿಡಿದದ್ದು: ಅಲ್ಲಿ ನಮಗೆ ಬರಬೇಕಾದ ನಿಮಿಷ ಬರೆದಿರುತ್ತಿತ್ತು, ಇಲ್ಲಿ ನಮ್ಮಿಂದ ಇನ್ನೆಷ್ಟು ನಿಮಿಷ ಹೀರಬಹುದು ಎಂಬುದು. ಶಕುನಿಯ ದಾಳಗಳು ಅವನ ಮಾತು ಕೇಳುತ್ತಿದ್ದವು ಎನ್ನುವುದು ನಮ್ಮ ಹಳೆಯ ಭಯ. ದಾಳಗಳೇ ಧರ್ಮರಾಯನ ಮುಖ ನೋಡುತ್ತ ಕೂತಿದ್ದರೆ ಹೇಗಿರುತ್ತಿತ್ತು?

ಕಾನೂನು ಹಿಡಿಯಲು ಹೊರಟಿರುವುದು ಹಳೆಯ ಶಕುನಿಯನ್ನು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳಿಗೆ ದೇಶದುದ್ದಕ್ಕೂ ನಿಷೇಧ ಹೇರುವ ಕಾಯ್ದೆ ಮಾಡಿತು. ಮನೆಮಠ ಕಳೆದುಕೊಂಡವರ ಕಥೆ ಕೇಳಿದವರಾರೂ ಇದರ ಉದ್ದೇಶವನ್ನು ತಳ್ಳಿಹಾಕಲಾರರು, ನಾನೂ ಹಾಕುವುದಿಲ್ಲ. ಆದರೆ ಕಾಯ್ದೆ ಎಳೆದ ಗೆರೆ ಇರುವುದು ಗೆಲ್ಲುವ ಆಸೆಯ ಮೇಲೆ: ದುಡ್ಡು ಹಾಕಿಸಿ, ಬದಲಿಗೆ ದುಡ್ಡು ಬರುತ್ತದೆ ಎಂದು ಆಡಿಸುವುದು ಅಪರಾಧದ ಕಡೆ. ಏನನ್ನೂ ಗೆಲ್ಲುವ ಭರವಸೆ ಕೊಡದೆ ಬರೀ ತೆಗೆದುಕೊಳ್ಳುತ್ತಲೇ ಇರುವ ಆಟದ ಮುಂದೆ ಆ ಗೆರೆ ತಡವರಿಸುತ್ತದೆ. ಆಟದ ನಡುವೆ, ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ದುಡ್ಡಿಗೆ ಮಾರುವುದೂ ಜೂಜೇ ಎಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲೇ ಹೇಳಿತು. ಚೀನಾ 2021ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಹದಿನೆಂಟರ ಒಳಗಿನವರು ಶುಕ್ರವಾರ, ವಾರಾಂತ್ಯ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟ ಆಡಬಹುದು. ಸರ್ಕಾರವೇ ಗೋಡೆ ಗಡಿಯಾರ ಹೊತ್ತು ಪ್ರತಿ ಮನೆಯೊಳಗೂ ನಿಂತ ಹಾಗೆ. ನನಗೆ ಬೆಲ್ಜಿಯಂನ ದಾರಿ ಹೆಚ್ಚು ಒಪ್ಪಿಗೆ, ಏಕೆಂದರೆ ಅದು ಕೈ ಹಾಕಿದ್ದು ಮಾರುವವನ ಪೆಟ್ಟಿಗೆಗೆ, ಮಗುವಿನ ಕೈಗಲ್ಲ.

ಚಟ ಎಂಬುದು ಹೊಸ ಯಂತ್ರಗಳು ತಂದ ರೋಗ ಎಂದೂ ಹೇಳಲಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ತೆರೆಯಿತು, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಚಟಕ್ಕೆ 2022ರಿಂದ ಜಾಗವಿದೆ. ಆದರೆ 1996ರಲ್ಲಿ ಅಪ್ಪನ ಅಂಗಿಯ ಜೇಬಿನಿಂದ 3 ರೂಪಾಯಿ ಕದ್ದವನು ನಾನೇ. ಒಂದು ಸಲವಲ್ಲ. ಎರಡು ಒಂದು ರೂಪಾಯಿ, ಎರಡು ಎಂಟಾಣೆ ಹೀಗೆ ಆರಿಸಿ ತೆಗೆದರೆ ಜೇಬಿನ ಸದ್ದು ಕಮ್ಮಿಯಾದದ್ದು ಗೊತ್ತಾಗುವುದಿಲ್ಲ ಎನ್ನುವ ವಿದ್ಯೆಯೂ ಸಿದ್ಧಿಸಿತ್ತು. ಗೊತ್ತಾಗುವುದಿಲ್ಲವೆಂದು ನಾನಂದುಕೊಂಡಿದ್ದೆ, ಅಷ್ಟೇ. ಬಿದ್ದ ಏಟಿನ ವಿವರ ಇಲ್ಲಿ ಬೇಡ. ನನ್ನ ಆಸೆಗೆ ಎಲ್ಲೆ ಹಾಕಿದ್ದು ನನ್ನ ಒಳ್ಳೆಯತನವಲ್ಲ. ಅಂಗಡಿ ರಾತ್ರಿ ಎಂಟಕ್ಕೆ ಮುಚ್ಚುತ್ತಿತ್ತು, ಕರೆಂಟು ಹೋಗುತ್ತಿತ್ತು, ಬೇರೆಯವರ ಸರದಿ ಬರುತ್ತಿತ್ತು, ಜೇಬು ಖಾಲಿಯಾಗುತ್ತಿತ್ತು. ಅಂಗಡಿಯವರಿಗೂ ನಾವು ಇನ್ನಷ್ಟು ಆಡಲಿ ಎಂಬ ಆಸೆ ಇದ್ದೇ ಇತ್ತು, ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದಾರೆ ಎಂಬ ಗುಮಾನಿ ನಮಗೂ ಇತ್ತು. ಆದರೆ ಅವರು ಆಟ ಬರೆದವರಲ್ಲ, ಆಟ ಬರೆದವರಿಗೆ ತಿಪಟೂರು ಇದೆಯೆಂದೇ ತಿಳಿಯದು. ಆಟ ಕಟ್ಟಿದ ಕೈ ಬೇರೆ, ಹೊತ್ತಿಗೆ ದುಡ್ಡು ವಸೂಲು ಮಾಡಿದ ಕೈ ಬೇರೆ. ಎರಡೂ ಕೈ ಒಂದೇ ದೇಹಕ್ಕೆ ಸೇರಿಕೊಂಡದ್ದು ಮೊಬೈಲಿನಲ್ಲಿ.

ಆ ಕೋಣೆಗೆ ನನ್ನ ಅಕ್ಕ ಒಂದೇ ಸಲ ಬಂದದ್ದು, ನನ್ನನ್ನು ಊಟಕ್ಕೆ ಕರೆಯಲು. ಹೂವಿನ ಪರದೆಯ ಆಚೆಯೇ ನಿಂತು ಕರೆದಳು. ಅವಳಿಗೂ ಒಂದು ಸಲ ಹಾರಿಸಿ ನೋಡುವ ಆಸೆ ಇತ್ತೆಂದು ಹೇಳಿದ್ದು ಮೊನ್ನೆ ಮೊನ್ನೆ, ತನ್ನ ಮಗಳ ಫೋನಿನಲ್ಲಿ ಕ್ಯಾಂಡಿ ಒಡೆಯುತ್ತ ಕೂತಿದ್ದಾಗ. ‘ನನಗೆ ಸಿಕ್ಕಿದ್ದು ಇದೇ ಆಟ, ಇದನ್ನೂ ಬಯ್ಯಬೇಡ’ ಎಂದಳು. ಬಯ್ಯುವ ಬಾಯಿ ಮುಚ್ಚಿತು. ಯಾರ ಅಪ್ಪಣೆಯೂ ಬೇಡದೆ, ಯಾವ ಪರದೆಯನ್ನೂ ದಾಟದೆ ಆಡುವ ಅವಕಾಶ ಅವಳಿಗೆ ಕೊಟ್ಟದ್ದು ಆ ಫುಕ್ಕಟೆ ಆಟವೇ. ಹಾಗಾಗಿ ಆಟ ನಿಲ್ಲಿಸಿ ಎನ್ನುವ ಹಕ್ಕು ನನಗಿಲ್ಲ. ಬೆಲೆಯನ್ನು ಮೊದಲೇ ಹೇಳಿ, ಕೊನೆ ಎಲ್ಲಿದೆ ತೋರಿಸಿ, ಆಡುವವರ ಮುಖ ನೋಡಿ ದಾಳ ಬದಲಿಸಬೇಡಿ ಎಂದು ಆಟ ಮಾಡುವವರನ್ನು ಕೇಳಬಹುದು, ಕಾನೂನು ಬರೆಯುವವರೂ ಕೇಳಬಹುದು. ಅಂಗಡಿಯ ರಟ್ಟಿನ ಬೋರ್ಡು ಇದರಲ್ಲಿ ಮೊದಲನೆಯದನ್ನಾದರೂ ಮಾಡುತ್ತಿತ್ತು.

ಕೊನೆ ಎಂದಾಗ ನೆನಪಾಯಿತು. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಕತ್ತಲೆ ಕೋಣೆಯಲ್ಲಿ ಏಳೆಂಟು ಹುಡುಗರು ಬೆವರುತ್ತ ಕೂತಿದ್ದೆವು, ಎದ್ದು ಹೋದರೆ ಸರದಿ ತಪ್ಪುತ್ತದೆಂದು. ಅಂಗಡಿಯವರು ಒಂದು ದಿನವೂ ರಿಮೋಟು ಹಿಡಿದವರಲ್ಲ. ಬೀಸಣಿಗೆ ಬೀಸಿಕೊಳ್ಳುತ್ತ ಒಳಗೆ ಬಂದು, ‘ಅಲ್ಲ ಕಣ್ರೋ, ದಿನಾ ಹೊಡೀತೀರಲ್ಲ ಆ ಕಾಂಟ್ರಾ, ಕೊನೆಗೆ ಏನಾಗುತ್ತೆ ಅದರಲ್ಲಿ?’ ಎಂದು ಕೇಳಿದರು. ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಹೋಗಿರಲಿಲ್ಲ, ಮೂವತ್ತು ಲೈಫಿದ್ದರೂ ಹೋಗುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಎನ್ನಲು ಯಾರಿಗೂ ಮನಸ್ಸಿಲ್ಲ. ಒಬ್ಬ, ದೊಡ್ಡ ರಾಕ್ಷಸ ಬರುತ್ತಾನೆ, ಅವನಿಗೆ ಹತ್ತು ತಲೆ ಎಂದ. ಇನ್ನೊಬ್ಬ, ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಸಾಯುತ್ತಾನೆ ಎಂದ. ಮತ್ತೊಬ್ಬ, ಸಮುದ್ರ ದಾಟಿ ಅವರ ಊರಿಗೆ ಹೋಗುತ್ತಾರೆ, ಊರಲ್ಲಿ ಜಾತ್ರೆ ನಡೆಯುತ್ತಿರುತ್ತದೆ ಎಂದ. ಅಂಗಡಿಯವರು ಎಲ್ಲದಕ್ಕೂ ಹ್ಞೂಂಗುಟ್ಟಿದರು. ಅಷ್ಟರಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿನುಗಿ ಹತ್ತಿಕೊಂಡಿತು. ಅವರು ಬೀಸಣಿಗೆ ಪಕ್ಕಕ್ಕಿಟ್ಟು ನೋಟ್‌ಬುಕ್ಕು ತೆರೆದು, ‘ಹನ್ನೊಂದು ನಿಮಿಷ ಬಾಕಿ ಯಾರದ್ದಯ್ಯಾ?’ ಎಂದು ಕೇಳಿದರು.